ವಿಮಾನಕ್ಕೊಂದು ರಿವರ್ಸ್ ಗೇರು

ನಮ್ಮ ಸೋದರಮಾವ ವಿಮಾನ ಓಡಿಸುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಪೂರ್ತಿ ನಂಬಲೂ ಬೇಡಿ! ಓಡಿಸುತ್ತಿದ್ದುದು ನಿಜ, ಆದರೆ ನೆಲದ ಮೇಲೆ. ಅದೂ ಹಿಂದಕ್ಕೆ.

ಹಿಂದೂಪುರದಲ್ಲಿ ಮಾವನದು ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟಿಗೆ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ಯಾರೂ ಕೇಳದ ಯಂತ್ರಗಳನ್ನು ಮಾಡುವುದು ಅವರ ಕಾಯಿಲೆ. ಅತ್ತೆಗೆಂದು ಅವರು ಮಾಡಿದ ಮುದ್ದೆ ತಿರುವುವ ಯಂತ್ರ ಮೊದಲ ದಿನವೇ ಮುದ್ದೆಯನ್ನು ಗೋಡೆಗೆ ಹೊಡೆದಿತ್ತು. ಆ ಗುರುತು ಇನ್ನೂ ಇದೆ. ಸುಣ್ಣ ಬಳಿಯಲು ಬಂದವನಿಗೂ ಅದೊಂದನ್ನು ಮುಟ್ಟಬೇಡ ಎಂದು ಅತ್ತೆ ತಾಕೀತು ಮಾಡಿದ್ದರು, ಮಾವ ಮರೆಯಬಾರದೆಂದು!

ಮೊಬೈಲು ಆಗಷ್ಟೇ ಎಲ್ಲರ ಜೇಬಿಗೆ ಬರುತ್ತಿದ್ದ ಕಾಲ ಅದು. ಕಲ್ಯಾಣದುರ್ಗದ ಆಚೆ ಒಂದು ತೋಟದಲ್ಲಿ ಬೋರಿನ ಮೋಟಾರು ಸುಟ್ಟಿದೆ ಎಂದು ಮಾವನಿಗೆ ಕರೆ ಬಂತು. ಹೋಗಿ ನೋಡಿದರೆ ತೋಟದ ಪಕ್ಕ ತಗಡಿನ ಶೆಡ್ಡು, ಶೆಡ್ಡಿನೊಳಗೆ ಎರಡು ಸೀಟಿನ ಪುಟ್ಟ ವಿಮಾನ! ಎದುರಿಗೆ ಅದು ಓಡಲು ಉದ್ದನೆಯ ಮಣ್ಣಿನ ಹಾದಿ. ತೋಟದ ಯಜಮಾನರು ಒಂದು ಕಾಲದಲ್ಲಿ ವಿಮಾನ ಓಡಿಸುವುದನ್ನು ಕಲಿಸುತ್ತಿದ್ದವರು. ಸುತ್ತಲಿನವರಿಗೆಲ್ಲ ಕ್ಯಾಪ್ಟನ್ ಸಾರು.

ಮಾವ ಮೋಟಾರು ಮರೆತು ವಿಮಾನದ ಸುತ್ತ ಪ್ರದಕ್ಷಿಣೆ ಹಾಕಿದರು. ಆಗ ತಿಳಿದದ್ದು, ಅದನ್ನು ಮಾರಲು ನಿಶ್ಚಯವಾಗಿದೆ ಎಂದು. ಪ್ರತಿ ಭಾನುವಾರ ಬೆಳಿಗ್ಗೆ ಒಂದು ರೆಕ್ಕೆಯ ಹತ್ತಿರ ಕ್ಯಾಪ್ಟನ್, ಇನ್ನೊಂದರ ಹತ್ತಿರ ಅವರ ಹೆಂಡತಿ ನಿಂತು ಅದನ್ನು ಶೆಡ್ಡಿನಿಂದ ಹೊರಕ್ಕೆ ತಳ್ಳುತ್ತಿದ್ದರಂತೆ. ಹಾರಿ ಬಂದ ಮೇಲೆ ಮತ್ತೆ ಒಳಕ್ಕೆ. ಆ ವರ್ಷ ಆಕೆ ತೀರಿಕೊಂಡಿದ್ದರು. ತೋಟದ ಆಳುಗಳನ್ನು ಕರೆದರೆ ಎಲ್ಲಿ ತಳ್ಳಬಾರದೋ ಅಲ್ಲೇ ಕೈಯಿಟ್ಟು ಅದರ ಮೈ ನೆಗ್ಗಿಸುತ್ತಿದ್ದರು. ಒಬ್ಬರಿಂದ ಆಗದ ಕೆಲಸ. ವಿಮಾನ ಒಳಗೇ ಧೂಳು ಹಿಡಿಯುತ್ತಿತ್ತು.

"ಮಾರ್ಬ್ಯಾಡಿ ಸಾರ್, ಎಳೆಯಕ್ಕೆ ಒಂದು ಗಾಡಿ ಮಾಡ್ಕೊಂಡು ಬತ್ತೀನಿ" ಎಂದುಬಿಟ್ಟರು ಮಾವ.

ಅತ್ತೆಗೆ ಇದು ಅರ್ಥವೇ ಆಗಲಿಲ್ಲ. "ಅಲ್ಲಾ, ಆಕಾಶದಾಗೆ ಹಾರೋ ಅಂಥದ್ದಕ್ಕೆ ಮನೆಯಿಂದ ಆಚಿಕೆ ಬರಕ್ಕೆ ಆಗಲ್ವಾ?"

"ಶೆಡ್ಡಿನಾಗೆ ಫ್ಯಾನ್ ಹಾಕಿದ್ರೆ ತಗಡೆಲ್ಲ ಹಾರೋಯ್ತವೆ ಕಣೇ. ಒಳಿಕ್ಕೆ ಬರಕ್ಕೆ ಅದಕ್ಕೆ ರಿವರ್ಸ್ ಗೇರೂ ಇಲ್ಲ."

"ನಿಮ್ಮಂಗೇ ಅನ್ನಿ" ಎಂದರು ಅತ್ತೆ.

ಗುಜರಿಯಿಂದ ಹಳೇ ಸ್ಕೂಟರಿನ ಇಂಜಿನ್ ಬಂತು, ಕಳೆ ತೆಗೆಯುವ ಯಂತ್ರದ ಗೇರ್‌ಬಾಕ್ಸ್ ಬಂತು, ದಪ್ಪ ಟೈರು ಬಂತು. ಇವಕ್ಕೆಲ್ಲ ಎತ್ತಿನ ಗಾಡಿಗಿರುವಂತೆ ಒಂದು ಉದ್ದನೆಯ ಕಬ್ಬಿಣದ ಮೂಕಿ ಬೆಸೆದರು. ಅದರ ತುದಿಯ ಕವೆ ವಿಮಾನದ ಮುಂದಿನ ಚಕ್ರವನ್ನು ಹಿಡಿಯಬೇಕು. ಆದರೆ ಪರೀಕ್ಷೆ ಮಾಡಲು ಹಿಂದೂಪುರದಲ್ಲಿ ವಿಮಾನ ಎಲ್ಲಿಂದ ತರುವುದು? ಮಾವ ಪಕ್ಕದ ಬೀದಿಯ ಲಗೇಜ್ ಆಟೋ ಹಿಡಿದರು. "ಅದಕ್ಕೂ ಮುಂದೆ ಒಂದೇ ಚಕ್ರ, ಇದಕ್ಕೂ ಒಂದೇ ಚಕ್ರ. ಇನ್ನೇನು ವ್ಯತ್ಯಾಸ?" ಈರುಳ್ಳಿ ಮೂಟೆಗಳ ಸಮೇತ ಆಟೋ ಬೀದಿಯುದ್ದಕ್ಕೂ ಹಿಂದು ಹಿಂದಕ್ಕೆ ಹೊರಟಿತು. ಜನ ದಾರಿ ಬಿಟ್ಟು ಕೈಮುಗಿದರು.

"ಅಣ್ಣಾ, ನಿನ್ನ ಗಾಡಿಗೆ ಬ್ರೇಕು ಎಲ್ಲೈತೆ?" ಎಂದು ಒಳಗಿನಿಂದ ಆಟೋದವನು ಕೂಗಿಕೊಂಡ.

"ಮುಂದಿನ ವಾರ ಹಾಕ್ತೀನಿ ಕಣಪ್ಪಾ!"

ಬ್ರೇಕು ಹಾಕಿದ ಮೇಲೆ ಅದನ್ನು ಬಸ್ಸಿನ ಟಾಪಿಗೆ ಏರಿಸಿದ್ದಾಯಿತು. ಕಂಡಕ್ಟರು ತೆಲುಗಿನಲ್ಲಿ ತಗಾದೆ ತೆಗೆದ. "ಏಂದನ್ನಾ ಇದಿ?"

"ವಿಮಾನಂ ಲಾಗೇದಿ" ಎಂದರು ಮಾವ, ವಿಮಾನ ಎಳೆಯುವುದು ಎಂದು, ಬಲು ಗತ್ತಿನಿಂದ.

"ಮರಿ ವಿಮಾನಂ ಏದನ್ನಾ? ಅದೂ ಟಾಪ್ ಮೀದೇ ಉಂದಾ?" ಎಂದು, ಎಳೆಯುವ ವಿಮಾನವೂ ಟಾಪಿನ ಮೇಲೇ ಇದೆಯೇನೋ ಎಂಬಂತೆ, ಅವನು ಕತ್ತೆತ್ತಿ ನೋಡಿದ. ಬಸ್ಸಿಗೆ ಬಸ್ಸೇ ನಕ್ಕಿತು. ಮಡಕಶಿರಾ ದಾಟುವವರೆಗೂ ಮಾವ ಕಿಟಕಿಯಿಂದ ಮುಖ ತಿರುಗಿಸಲಿಲ್ಲವಂತೆ.

ಹೊಸ ಗಾಡಿ ಎಂದ ಮೇಲೆ ಪೂಜೆ ಬೇಡವೇ? ಮಾವ ಇಂಜಿನ್ನಿಗೆ ವಿಭೂತಿ ಬಳಿದರು, ಟೈರಿನ ಕೆಳಗೆ ನಿಂಬೆಹಣ್ಣಿಟ್ಟರು, ವಿಮಾನದ ಫ್ಯಾನಿಗೆ ಮೆಣಸಿನಕಾಯಿ ಸರ ಕಟ್ಟಿದರು. ಕ್ಯಾಪ್ಟನ್ ಬೇಡ ಬೇಡ ಎನ್ನುವಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲೇ ಬೂದುಗುಂಬಳ ಒಡೆದರು! ಮೂಕಿಯನ್ನು ವಿಮಾನಕ್ಕೆ ಸಿಕ್ಕಿಸುವ ಮೊದಲು ಒಂದು ಸುತ್ತು ನೋಡೋಣವೆಂದು ಕಿಕ್ಕರ್ ತುಳಿದರು. ಗಾಡಿ ನಿಂಬೆಹಣ್ಣು ಹತ್ತಿ, ಕುಂಬಳದ ತಿರುಳಿನ ಮೇಲೆ ಜಾರಿ, ಮಾವನನ್ನೂ ಎಳೆದುಕೊಂಡು ಕಡಲೆಕಾಯಿ ಹೊಲಕ್ಕೆ ನುಗ್ಗಿತು. ವಿಮಾನ ಮೆಣಸಿನಕಾಯಿ ಸರ ಹಾಕಿಕೊಂಡು ನಿಂತಲ್ಲೇ ನಿಂತಿತ್ತು.

ಹೆಂಡತಿ ಹೋದ ಮೇಲೆ ಯಜಮಾನರು ನಕ್ಕಿದ್ದು ಅವತ್ತೇ ಎಂದು ಅಡುಗೆಯಾಕೆ ಹೇಳಿದಳಂತೆ. ಮಧ್ಯಾಹ್ನದ ಹೊತ್ತಿಗೆ ಹೊಸ್ತಿಲು ತೊಳೆದು, ಮೂಕಿ ಸಿಕ್ಕಿಸಿ, ವಿಮಾನವನ್ನು ಹೊರಗೆಳೆದರು. ಕ್ಯಾಪ್ಟನ್ ಒಂದು ಸುತ್ತು ಹಾರಿಬಂದರು. ಮಾರುವ ಮಾತು ಅಲ್ಲಿಗೆ ನಿಂತಿತು.

ಆದರೆ ಮಾವನ ಯಂತ್ರವಲ್ಲವೇ? ಮುಂದಿನ ಶನಿವಾರವೇ ಫೋನು. "ನಿಮ್ಮ ಗಾಡಿ ಸ್ಟಾರ್ಟ್ ಆಗ್ತಾ ಇಲ್ಲ." ಅದರ ಮುಂದಿನ ಶನಿವಾರವೂ ಅದೇ. ಭಾನುವಾರ ಬಂತೆಂದರೆ ಮಾವ ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುವರು. "ಮುದ್ದೆ ಮಿಷನ್ನಿನ ತಮ್ಮ ಕಣಮ್ಮಾ ಅದು" ಎಂದು ಅತ್ತೆ ನನ್ನ ಹತ್ತಿರ ದೂರುತ್ತಿದ್ದರು.

ನಾನಾಗ ಗೋರಂಟ್ಲದಲ್ಲಿ ಟೀಚರು. ಒಂದು ಭಾನುವಾರ, ವಿಮಾನ ನೋಡುವ ಆಸೆಗೆ ಮಾವನ ಜೊತೆ ಹೋದೆ. ಮಾವ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಪ್ಲಗ್ ಬಿಚ್ಚಿ, ಒರೆಸಿ, ಮತ್ತೆ ಹಾಕಿ, ರೋಗಿಯನ್ನು ಕಂಡ ವೈದ್ಯರಂತೆ ತಲೆಯಾಡಿಸಿದರು. ಕಿಕ್ಕರ್ ಮಾತ್ರ ಮುಟ್ಟಲಿಲ್ಲ.

"ಇವತ್ತು ಆಗಲ್ಲ ಸಾರ್. ಕೈಯಾಗೇ ತಳ್ಬುಡೋಣ."

"ಹಾಗೇ ಮಾಡೋಣ" ಎಂದರು ಕ್ಯಾಪ್ಟನ್, ಪಂಚೆ ಎತ್ತಿ ಕಟ್ಟುತ್ತಾ. ಅವರು ಬಲಗಡೆ, ಮಾವ ಎಡಗಡೆ. ಎಡಗಡೆಯ ಜಾಗ ತೀರಿಹೋದ ಅಮ್ಮನವರದಂತೆ. "ನಿಧಾನ, ಹಾಂ, ಈಗ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ ಇಬ್ಬರೂ ಅದನ್ನು ಬಿಸಿಲಿಗೆ ತಂದರು.

ನನಗೋ ಸುಮ್ಮನಿರಲಾಗದ ಜಾಯಮಾನ. ಸೀರೆಯ ನೆರಿಗೆ ಎತ್ತಿ ಹಿಡಿದು ಕಿಕ್ಕರನ್ನು ಒಮ್ಮೆ ತುಳಿದೆ. ಒಂದೇ ಏಟಿಗೆ ಗಾಡಿ ಡುರ್ರೆಂದು ಸ್ಟಾರ್ಟ್ ಆಯಿತು!

ಇಬ್ಬರೂ ತಿರುಗಿದರು. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರ ಮುಖ ನಾನು ಕಾಣದ್ದೇ? ಮಾವ ಓಡಿಬಂದು ಇಂಜಿನ್ ಆರಿಸಿದರು. "ಪೆಟ್ರೋಲು ದಂಡ ಕಣಮ್ಮಾ." ಕ್ಯಾಪ್ಟನ್ ಮುಗಿಲು ನೋಡುತ್ತಾ, "ಹೇಳೋಕೆ ಬರಲ್ಲ ತಾಯಿ, ಅದು ಮತ್ತೆ ಕೆಡುತ್ತೆ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಸ್ಪ್ಯಾನರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ ಮೆಲ್ಲಗೆ, "ಮೊದಲ್ನೇ ವಾರ ನಂಗೂ ಗೊತ್ತಾಗ್ಲಿಲ್ಲ ಕಣಮ್ಮ, ಎಲ್ಲಾ ಬಿಚ್ಚಿ ನೋಡ್ಬುಟ್ಟೆ. ಕೆಟ್ಟೇ ಇರ್ನಿಲ್ಲ. ಸಾರು ಅಲ್ಲೇ ಎರಡು ಲೋಟ ಕಾಫಿ ಹಿಡ್ಕೊಂಡು ನಿಂತವ್ರೆ. ಏನಂತ ಹೇಳ್ಳಿ?" ಎಂದರು. ಈ ಮನುಷ್ಯನನ್ನು ಕಂಡು ಇಷ್ಟು ವರ್ಷ ಬರೀ ನಕ್ಕು ಬಿಟ್ಟಿದ್ದೆವಲ್ಲ ಎನಿಸಿತು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅತ್ತೆ ಗೋಡೆಯ ಮೇಲಿನ ಮುದ್ದೆ ಗುರುತನ್ನೊಮ್ಮೆ ನೋಡಿ ಒಳಗೆ ಹೋದರು.

ಮುಂದಿನ ಶನಿವಾರವೂ ನಾನು ಮಾವನ ಮನೆಯಲ್ಲೇ ಇದ್ದೆ. ಸಂಜೆಯಾದರೂ ಫೋನು ಬರಲಿಲ್ಲ. ಮಾವನಿಗಿಂತ ಅತ್ತೆಯೇ ಹೆಚ್ಚು ಸಲ ಒಳಗೂ ಹೊರಗೂ ಓಡಾಡಿದರು. ಕೊನೆಗೊಮ್ಮೆ ಅದು ಬಡಿದುಕೊಂಡಿತು. ಮಾವ "ಹಾಂ ಸಾರ್, ಆಯ್ತು ಸಾರ್" ಎಂದು ಇಟ್ಟರು.

"ಏನಂತೆ?" ಎಂದರು ಅತ್ತೆ.

"ಮತ್ತೆ ಕೆಟ್ಟೋಗೈತಂತೆ."

"ಸದ್ಯ!" ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡು, ಕ್ಯಾಪ್ಟನ್ನಿಗೂ ಸೇರಿಸಿ ಬುತ್ತಿಗೆ ಹಿಟ್ಟು ಕಲಸಲು ಕೂತರು.