ಬಹುಮತ ಇದ್ದ ಕಡೆ ಕಾರು

ಒಂದು ಕಾರಿನ ಭಾಗಗಳು ಎರಡು ಕಡೆ ಹಂಚಿಹೋಗಿದ್ದರೆ, ಹುಟ್ಟಿನಿಂದ, ಅಂದರೆ ಕಾರ್ಖಾನೆಯಿಂದಲೇ ಬಂದ ಭಾಗಗಳು ಯಾವ ಕಡೆ ಹೆಚ್ಚಿಗಿವೆಯೋ ಆ ಕಡೆಯದೇ ಕಾರು. ಉಳಿದದ್ದು ಎಷ್ಟೇ ಜೋರಾಗಿ ಓಡುತ್ತಿರಲಿ, ಅದು ಬಿಡಿಭಾಗ. ಇದು ಈಗ ಇತ್ಯರ್ಥವಾದ ವಿಷಯ. ಈ ಕುರಿತು ವಾಹನ ಕಚೇರಿಯ ಗೋಡೆಯ ಮೇಲೆ ಫಲಕವಿದೆ, ಫಲಕಕ್ಕೆ ಗಾಜು ಹಾಕಿಸಿದ್ದಾರೆ, ಗಾಜನ್ನು ದಿನಾ ಒರೆಸುತ್ತಾರೆ. ಇಷ್ಟಾದ ಮೇಲೂ ಅನುಮಾನ ಪಡುವವರಿಗೆ ಹಲ್ಲಿನ ಡಾಕ್ಟರ ವಿಷಯ ಹೇಳಿ ಕಳಿಸುವುದು ಅಲ್ಲಿನ ವಾಡಿಕೆ.

ಹಲ್ಲಿನ ಡಾಕ್ಟರು ಒಳ್ಳೆಯವರು. ಕೈಗುಣ ಇದ್ದವರು. ಕುಡಿತವಿಲ್ಲ, ಇಸ್ಪೀಟಿಲ್ಲ, ಇದ್ದದ್ದು ಒಂದೇ ಹುಚ್ಚು: ಜಪಾನಿನಿಂದ ಹಡಗಿನಲ್ಲಿ ತರಿಸಿಕೊಂಡ ಹಳೆಯ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಬಾಗಿಲು, ಬೇಕಾದಾಗ ಮೇಲೆದ್ದು ಬೇಡವಾದಾಗ ಒಳಗೆ ಮಡಚಿಕೊಳ್ಳುವ ದೀಪಗಳು, ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದಂತಹ ಮೈ. ಅದು ಬಂದ ದಿನ ಡಾಕ್ಟರು ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ರೋಗಿಯನ್ನು ಹಾಗೇ ಬಿಟ್ಟು ಬೀದಿಗೆ ಓಡಿಬಂದರು. ರೋಗಿಯೂ ತೆರೆದ ಬಾಯಿಯಲ್ಲೇ ಹಿಂದಿನಿಂದ ಬಂದು ನೋಡಿದ. ನೋಡಿ ಬಾಯಿ ಮುಚ್ಚಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಂಥ ಕಾರು ಮನೆಗೆ ಬಂದ ಮೇಲೆ ಅದನ್ನು ಓಡಿಸಿಕೊಂಡು ಸುಮ್ಮನಿರುವವರು ಈ ಹವ್ಯಾಸದವರಲ್ಲ. ಮೆಕ್ಯಾನಿಕ್‌ನನ್ನು ಕರೆಸಿದರು. ಅವನನ್ನು ಎಲ್ಲರೂ ಟರ್ಬೊ ಅಂತ ಕರೆಯುತ್ತಿದ್ದರು. ಅಷ್ಟು ನಿಧಾನವಾಗಿ ಸ್ಪ್ಯಾನರ್ ತಿರುಗಿಸುವ ಮನುಷ್ಯನನ್ನು ಯಾರೂ ಕಂಡಿರಲಿಲ್ಲ. ಟರ್ಬೊ ಕಾರಿನ ಸುತ್ತ ಒಂದು ಸುತ್ತು ಬಂದು, ತಲೆ ಅಲ್ಲಾಡಿಸಿ, "ಸೀಟು ಸೋಫಾ ಇದ್ದ ಹಾಗಿದೆ ಸಾರ್, ರೇಸ್ ಸೀಟು ಹಾಕೋಣ" ಅಂದ. ಹಾಕಿದರು. "ಈಗ ಸ್ಟೀರಿಂಗ್ ಮುದಿಯಾಗಿ ಕಾಣ್ತಿದೆ" ಅಂದ. ಬದಲಾಯಿಸಿದರು. ಸ್ಟೀರಿಂಗ್ ಹೊಸದಾದ ಮೇಲೆ ಚಕ್ರಕ್ಕೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ? ಚಕ್ರ ಬದಲಾಯಿತು. ಸ್ಪ್ರಿಂಗು, ಸೈಲೆನ್ಸರು, ಬಂಪರು, ಬಾನೆಟ್ಟು ಬದಲಾದವು. ಎಂಜಿನ್ನೇ ಇಳಿದು ಇನ್ನೊಂದು ಎಂಜಿನ್ ಹತ್ತಿತು. ಕೊನೆಗೆ ಟರ್ಬೊ, "ಇಷ್ಟೆಲ್ಲಾ ಮಾಡಿ ಬೋಲ್ಟು ಹಳೇದಿಟ್ಟರೆ ನೋಡಿದವರು ನಗ್ತಾರೆ ಸಾರ್" ಅಂದಾಗ ಬೋಲ್ಟುಗಳೂ ಒಂದೂ ಬಿಡದೆ ಹೊರಬಂದವು. ಈ ಅವಧಿಯಲ್ಲಿ ಕಾರು ಗಾಳಿಯ ವೇಗಕ್ಕೆ ಸಿದ್ಧವಾಗುತ್ತಾ ಶೆಡ್ಡಿನಲ್ಲೇ ನಿಂತಿತ್ತು.

ಈ ಹವ್ಯಾಸದವರಲ್ಲಿ ಕಟ್ಟುನಿಟ್ಟಿನ ಒಂದು ಪದ್ಧತಿ ಇದೆ. ಕಾರಿನಿಂದ ಬಿಚ್ಚಿದ ಯಾವುದನ್ನೂ ಎಸೆಯುವಂತಿಲ್ಲ. ಹೆಂಡತಿಯ ಮದುವೆಯ ಪೆಟ್ಟಿಗೆ ಅಟ್ಟದ ಮೇಲೆ ಹೋಗಬಹುದು, ಹುಟ್ಟಿನ ಬಂಪರು ಹೋಗುವಂತಿಲ್ಲ. ಡಾಕ್ಟರು ಶೆಡ್ಡಿನ ಮೂರು ಗೋಡೆಗೂ ಕಪಾಟು ಹೊಡೆಸಿ, ಬಿಚ್ಚಿದ್ದನ್ನೆಲ್ಲಾ ಒರೆಸಿ, ಬಟ್ಟೆ ಸುತ್ತಿ ಇಟ್ಟರು. ಬೋಲ್ಟುಗಳು ಹಲ್ಲಿನ ಅಚ್ಚು ತೆಗೆಯುವ ಪುಡಿಯ ಖಾಲಿ ಡಬ್ಬಗಳಿಗೆ ಹೋದವು. ಡಬ್ಬಗಳ ಮೇಲೆ ಡಾಕ್ಟರು ತಮ್ಮ ಅಭ್ಯಾಸದಂತೆ 'ಮೇಲೆ, ಬಲಗಡೆ, ಹಿಂದಿನಿಂದ ಎರಡನೆಯದು' ಎಂದು ಚೀಟಿ ಅಂಟಿಸಿದರು.

ಡಾಕ್ಟರ ಹೆಂಡತಿ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್. ಆಕೆ ಇಷ್ಟೂ ವರ್ಷ ಕಾರಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಒಮ್ಮೆ ರೇಸ್ ಸೀಟಿನಲ್ಲಿ ಕೂತು ನೋಡಿದ್ದರು. ಹೊರಗೆ ಎಳೆಯಲು ಡಾಕ್ಟರೂ ಟರ್ಬೊನೂ ಇಬ್ಬರೂ ಬೇಕಾಯಿತು. ಆಗಲೂ ಬೈಯಲಿಲ್ಲ. ಆದರೆ ನಿವೃತ್ತಿಯ ದಿನ ಹತ್ತಿರ ಬಂದಾಗ ಒಂದು ಸಂಜೆ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತರು.

"ರೀ, ಕೊನೇ ದಿನ ಶಾಲೆಯಿಂದ ನನ್ನನ್ನ ಇದರಲ್ಲಿ ಕರ್ಕೊಂಡು ಬರ್ತೀರಾ?"

ಡಾಕ್ಟರಿಗೆ ಮೈಯೆಲ್ಲಾ ಝುಂ ಅಂದಿತು. ಮದುವೆಯಾದಾಗಿನಿಂದ ಆಕೆ ತನಗಾಗಿ ಕೇಳಿದ್ದು ಇದೊಂದೇ. "ಬರ್ತೀನಿ ಕಣೇ! ಗೇಟಿನ ಮುಂದೇ ನಿಲ್ಲಿಸ್ತೀನಿ!"

"ಕಾಗದ-ಪತ್ರ ಸರಿ ಇರಬೇಕು ಅಷ್ಟೇ. ಮಕ್ಕಳ ಎದುರಿಗೆ ಯಾರಾದರೂ ಗಾಡಿ ತಡೆದರೆ, ಇಷ್ಟು ವರ್ಷ ನಾನು ಹೇಳಿಕೊಟ್ಟಿದ್ದೆಲ್ಲಾ ನೀರುಪಾಲು."

ಹೀಗೆ, ಯಾರೂ ಕರೆಯದಿದ್ದರೂ, ಡಾಕ್ಟರು ತಾವಾಗಿಯೇ ವಾಹನ ಕಚೇರಿಗೆ ಹೋಗಿ, ಮಾಡಿಸಿದ ಬದಲಾವಣೆಗಳನ್ನೆಲ್ಲಾ ದಯವಿಟ್ಟು ಪರಿಶೀಲಿಸಿ ಒಪ್ಪಿಗೆ ಕೊಡಿ ಎಂದು ಕೇಳಿಕೊಂಡರು. ಕಚೇರಿಯಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ಅವರನ್ನು ನೋಡಿದರು.

ಇನ್‌ಸ್ಪೆಕ್ಟರು ಶೆಡ್ಡಿಗೆ ಬಂದರು. ಕಾರನ್ನು ನೋಡಿದರು. ಸುತ್ತಲಿನ ಕಪಾಟುಗಳನ್ನು ನೋಡಿದರು. ಮತ್ತೆ ಕಾರನ್ನು ನೋಡಿ, ಬಾನೆಟ್ಟಿನ ಮೇಲೆ ಮೆತ್ತಗೆ ಕೈಯಾಡಿಸಿದರು. ಆ ಕೈಯಾಡಿಸುವಿಕೆ ಸ್ವಲ್ಪ ಉದ್ದವಾಯಿತು ಅಂತ ಟರ್ಬೊ ಆಮೇಲೆ ಹೇಳಿದ.

"ಡಾಕ್ಟ್ರೇ, ಇಲ್ಲಿ ಕಾರು ಯಾವುದು?"

"ಇದೇ ಸಾರ್. ನಿಮ್ಮ ಕೈ ಕೆಳಗೇ ಇದೆ."

"ಅವಸರ ಮಾಡ್ಬೇಡಿ. ಎಣಿಸಿ ನೋಡೋಣ."

ಎಣಿಕೆ ನಡೆಯಿತು. ಹುಟ್ಟಿನಿಂದ ಬಂದ ಭಾಗಗಳಲ್ಲಿ ಮೈ, ಬಾಗಿಲು, ಗಾಜು ಕಾರಿನ ಕಡೆಗಿದ್ದವು. ಎಂಜಿನ್, ಸೀಟು, ಚಕ್ರ ಕಪಾಟಿನ ಕಡೆಗಿದ್ದವು. ಒಂದು ಹಂತದವರೆಗೆ ಪೈಪೋಟಿ ಸಮಸಮವಾಗಿಯೇ ಇತ್ತು. ಆಮೇಲೆ ಇನ್‌ಸ್ಪೆಕ್ಟರು ಡಬ್ಬಗಳ ಮುಚ್ಚಳ ತೆಗೆದರು. ಬೋಲ್ಟುಗಳು ಒಂದಾದ ಮೇಲೊಂದು ಹೊರಬಂದು ಕಪಾಟಿನ ಕಡೆಗೆ ಸೇರಿ, ಫಲಿತಾಂಶ ಏಕಪಕ್ಷೀಯವಾಯಿತು.

"ಬೋಲ್ಟಿಗೂ ಬಾಗಿಲಿಗೂ ಒಂದೇ ಲೆಕ್ಕವೇ ಸಾರ್?" ಡಾಕ್ಟರು ಕೇಳಿದರು.

"ಗಾತ್ರ ನೋಡಿ ಬೆಲೆ ಕಟ್ಟೋ ಕಾಲ ಹೋಯ್ತು ಡಾಕ್ಟ್ರೇ. ಒಂದು ಭಾಗಕ್ಕೆ ಒಂದು ಮತ."

ಡಾಕ್ಟರು ತಮ್ಮ ಕಸುಬಿನ ಕಡೆಯಿಂದ ಒಂದು ಪ್ರಯತ್ನ ಮಾಡಿದರು. "ನೋಡಿ ಸಾರ್, ನಾನು ಒಬ್ಬರ ಹಲ್ಲೆಲ್ಲಾ ಕಿತ್ತು ಸೆಟ್ ಕಟ್ತೀನಿ ಅಂದ್ಕೊಳ್ಳಿ. ಸಾಯಂಕಾಲ ಅವರ ಮನೆಗೆ ಹೋಗೋದು ಅವರೋ, ಕಿತ್ತ ಹಲ್ಲೋ?"

ಇನ್‌ಸ್ಪೆಕ್ಟರು ಇದನ್ನು ನಗದೆ ಯೋಚಿಸಿದರು. "ಹಲ್ಲನ್ನ ನೀವು ಎಸೆದುಬಿಡ್ತೀರಿ. ಇದನ್ನ ಇಟ್ಕೊಂಡಿದ್ದೀರಿ. ಎಸೆದಿದ್ರೆ ನನಗೇನೂ ಕೆಲಸವೇ ಇರ್ತಿರಲಿಲ್ಲ."

ಮರುದಿನವೇ ಆದೇಶ ಬಂತು. ಅದರಲ್ಲಿ ಹೀಗಿತ್ತು: 'ಮೇಲ್ಕಂಡ ಶೆಡ್ಡಿನ ಕಪಾಟುಗಳಲ್ಲಿ ವಾಸವಾಗಿರುವ ವಾಹನಕ್ಕೆ ನಂಬರ್ ಪ್ಲೇಟನ್ನು ತಕ್ಷಣ ವರ್ಗಾಯಿಸತಕ್ಕದ್ದು. ಸದರಿ ವಾಹನವು ತನ್ನದೇ ಚಕ್ರಗಳ ಮೇಲೆ ಕಚೇರಿಗೆ ಹಾಜರಾಗಿ ಯೋಗ್ಯತಾ ಪತ್ರ ಪಡೆಯತಕ್ಕದ್ದು. ಶೆಡ್ಡಿನ ನಡುವೆ ನಿಂತಿರುವ, ಕಾರಿನ ಆಕಾರದ ಬಿಡಿಭಾಗವನ್ನು ಸಾರ್ವಜನಿಕರು ರಸ್ತೆಯಲ್ಲಿ ಓಡಿಸುವುದು ಅಪರಾಧ. ಅದರ ಗುಣಮಟ್ಟ ಪರೀಕ್ಷೆಯ ಹೊಣೆ ಕಚೇರಿಯದು.'

ಹೊಣೆ ಅಂದ ಮೇಲೆ ತಡ ಮಾಡುವುದುಂಟೇ? ಸಂಜೆಯೇ ಇನ್‌ಸ್ಪೆಕ್ಟರು ಬಂದು, ಕೀಲಿ ಕೇಳಿ, ಬಿಡಿಭಾಗದೊಳಗೆ ಕೂತು, ದೀಪಗಳನ್ನು ಒಮ್ಮೆ ಮೇಲೆತ್ತಿ ಒಮ್ಮೆ ಮಡಚಿ, ಪರೀಕ್ಷೆಗೆ ಹೊರಟರು. ತಿರುವಿನಲ್ಲಿ ಟಯರು ಕಿರುಚಿದ್ದು ಕೇಳಿಸಿತು. ತಾವೇ ಕಟ್ಟಿಸಿದ ಎಂಜಿನ್ ಹೇಗೆ ಓಡುತ್ತದೆ ಅನ್ನುವುದನ್ನು ಡಾಕ್ಟರು ಮೊದಲ ಸಲ ಕಿವಿಯಿಂದ ತಿಳಿದುಕೊಂಡರು.

ಇತ್ತ ಟರ್ಬೊ ನಾಲ್ಕು ಹಳೆಯ ಚಕ್ರಗಳ ಮೇಲೆ ಹಲಗೆ ಕೂರಿಸಿ, ಅದರ ಮೇಲೆ ಹಳೆಯ ಎಂಜಿನ್, ಅದರ ಹಿಂದೆ ಬೆಲ್ಟಿನ ಸಮೇತ ಹಳೆಯ ಸೀಟು, ಸೀಟಿನ ಮುಂದೆ ಯಾವುದಕ್ಕೂ ತಗಲಿಕೊಳ್ಳದ ಹಳೆಯ ಸ್ಟೀರಿಂಗ್, ಅಕ್ಕಪಕ್ಕ ಬೋಲ್ಟಿನ ಡಬ್ಬಗಳನ್ನು ಬಿಗಿದ. ಮುಂದೆ ಬಂಪರು, ಬಂಪರಿಗೆ ನಂಬರ್ ಪ್ಲೇಟು. ಡಾಕ್ಟರು, ಟರ್ಬೊ, ಹಲ್ಲು ಕೀಳಿಸಿಕೊಳ್ಳಲು ಬಂದು ಸರದಿ ಕಾಯುತ್ತಿದ್ದ ಇಬ್ಬರು ಕೂಡಿ ಕಚೇರಿಯವರೆಗೆ ತಳ್ಳಿದರು.

ಪರೀಕ್ಷೆಯಲ್ಲಿ ವಾಹನ ಹೆಸರು ಮಾಡಿತು. ಬ್ರೇಕು: ವಾಹನ ನಿಂತೇ ಇತ್ತು, ತೃಪ್ತಿಕರ. ಹೊಗೆ: ಇಲ್ಲವೇ ಇಲ್ಲ. ಶಬ್ದ: ತಳ್ಳುವವರ ಏದುಸಿರು ಬಿಟ್ಟರೆ ಇಲ್ಲ. ಹುಟ್ಟಿನ ಭಾಗಗಳು: ಸಂಪೂರ್ಣ. ದೊಡ್ಡ ಸಾಹೇಬರೇ ಹೊರಬಂದು ಡಾಕ್ಟರ ಕೈ ಕುಲುಕಿ, "ಇಷ್ಟು ಕಾನೂನುಬದ್ಧ ಗಾಡಿ ನನ್ನ ಸರ್ವಿಸಿನಲ್ಲೇ ನೋಡಿಲ್ಲ" ಅಂದರು. ಅವರ ಕೈಯಲ್ಲಿ ಡಾಕ್ಟರ ಕಾರಿನ ಕೀಲಿ ಇತ್ತು. ಬಿಡಿಭಾಗವನ್ನು ಪರೀಕ್ಷಿಸುವುದು ಅಂದು ಅವರ ಪಾಳಿ ಅಂತ ಕಾಣುತ್ತದೆ.

ನಿವೃತ್ತಿಯ ದಿನ ಬಂದೇ ಬಂತು. ಆ ಒಂದು ಮಧ್ಯಾಹ್ನಕ್ಕಾದರೂ ಬಿಡಿಭಾಗವನ್ನು ಕೊಡಿ ಸಾರ್, ನನ್ನ ಹೆಂಡತಿಗೆ ಮಾತು ಕೊಟ್ಟಿದ್ದೀನಿ ಎಂದು ಡಾಕ್ಟರು ಕಚೇರಿಯಲ್ಲಿ ಕೈಮುಗಿದರು. ಸಾಹೇಬರ ಅಳಿಯಂದಿರು ಅದರ ಬೆಟ್ಟ ಹತ್ತುವ ಗುಣವನ್ನು ಪರೀಕ್ಷಿಸುತ್ತಿದ್ದಾರೆಂದು ಉತ್ತರ ಬಂತು. ಡಾಕ್ಟರು ಶೆಡ್ಡಿಗೆ ಬಂದು, ಕಾರು ನಿಲ್ಲುತ್ತಿದ್ದ ಖಾಲಿ ಜಾಗದಲ್ಲಿ ಕೂತು, ಅತ್ತುಬಿಟ್ಟರು. ಹಲ್ಲು ಕಿತ್ತು ಊರಿನವರ ಕಣ್ಣಲ್ಲಿ ನೀರು ತರಿಸುತ್ತಿದ್ದ ಮನುಷ್ಯ, ಆದರೂ ಅತ್ತರು. ಒಂದೇ ಒಂದು ಆಸೆ ಕೇಳಿದಳಲ್ಲ, ಅದೂ ನನ್ನ ಕೈಲಿ ಆಗಲಿಲ್ಲವಲ್ಲ ಅಂತ.

ಟರ್ಬೊ ಪಕ್ಕದಲ್ಲಿ ನಿಂತು ತಲೆ ಕೆರೆದುಕೊಂಡ. "ಗಾಡಿಯಂತೂ ಇದೆಯಲ್ಲ ಸಾರ್."

ಶಾಲೆಯ ಗೇಟಿನ ಮುಂದೆ ಮಕ್ಕಳೆಲ್ಲಾ ನೆರೆದಿದ್ದರು. ಹೆಡ್‌ಮಿಸ್ ಮೆಟ್ಟಿಲಿಳಿದು ಬಂದು ಗೇಟಿನಾಚೆ ನೋಡಿದರು. ಹಲಗೆ, ಎಂಜಿನ್, ಸೀಟು. ಹಿಂದೆ ಬೆವರಿಳಿಸಿಕೊಂಡು, ತಲೆ ತಗ್ಗಿಸಿ ನಿಂತ ಗಂಡ. ಮಕ್ಕಳು ಉಸಿರು ಬಿಗಿಹಿಡಿದರು.

"ಕಾಗದ-ಪತ್ರ?"

"ಎಲ್ಲಾ ಇದೆ ಕಣೇ," ಅಂದರು ಡಾಕ್ಟರು. "ಕಾರು ಮಾತ್ರ ಇಲ್ಲ."

ಆಕೆ ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ತಿದ್ದುವ ಹಾಗೆ, ಯೋಗ್ಯತಾ ಪತ್ರವನ್ನು ಮೊದಲ ಅಕ್ಷರದಿಂದ ಮುದ್ರೆಯವರೆಗೆ ಓದಿದರು. ಆಮೇಲೆ ಕನ್ನಡಕ ತೆಗೆದು, "ಇಲ್ಲ ಅಂತ ಯಾರು ಹೇಳಿದ್ದು? ಇಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ" ಅಂದು, ಸೆರಗು ಸರಿಮಾಡಿಕೊಂಡು ಸೀಟು ಹತ್ತಿ, ಬೆಲ್ಟ್ ಹಾಕಿಕೊಂಡರು. ಮಕ್ಕಳು ಚಪ್ಪಾಳೆ ತಟ್ಟಿದರು.

ದೊಡ್ಡ ರಸ್ತೆಯಲ್ಲಿ ಪೊಲೀಸರು ತಡೆದರು. ಕಾಗದ ನೋಡಿದರು, ಬೆಲ್ಟ್ ನೋಡಿದರು, ಎಲ್ಲರೂ ನಿಮ್ಮ ಹಾಗಿದ್ದರೆ ನಮ್ಮ ಕೆಲಸ ಎಷ್ಟು ಹಗುರ ಮೇಡಂ ಎಂದು ಸೆಲ್ಯೂಟ್ ಹೊಡೆದರು. ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಹಿಂದಿನಿಂದ ಹಾರ್ನ್ ಹೊಡೆಯುತ್ತಾ ಒಂದು ಕೆಂಪು ಮಿಂಚು ಪಕ್ಕದಲ್ಲೇ ಹಾದುಹೋಯಿತು. ಸಾಹೇಬರ ಅಳಿಯಂದಿರು ಬೆಟ್ಟದಿಂದ ಇಳಿದಿದ್ದರು.

"ಥೂ! ಬಿಡಿಭಾಗ ಓಡಿಸೋರಿಗೆ ಕಣ್ಣು ಕಾಣಲ್ವಾ?" ಎಂದು ಹೆಡ್‌ಮಿಸ್ ಗದರಿದರು. "ಎದುರಿಗೆ ಗಾಡಿ ಹೋಗ್ತಿದೆ ಅನ್ನೋ ಪರಿವೆ ಬೇಡವಾ?"

ಡಾಕ್ಟರು ಏದುಸಿರಿನಲ್ಲಿ ತಳ್ಳುತ್ತಲೇ ಇದ್ದರು. ಮನೆ ಹತ್ತಿರ ಬಂದಾಗ ಆಕೆ ಹಿಂದೆ ತಿರುಗಿ, ಮೊದಲ ಸಲ ನಗುತ್ತಾ, "ಈ ಸೀಟಲ್ಲಿ ಬೆನ್ನೇ ನೋಯಲ್ಲ ಕಣ್ರೀ. ಇಂಥದ್ದನ್ನ ಯಾಕ್ರೀ ಬಿಚ್ಚಿಸಿದ್ರಿ?" ಅಂದರು. ಡಾಕ್ಟರಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಅಂದಿನಿಂದ ದಿನಾ ಸಂಜೆ ಸವಾರಿ. ಹಳೆಯ ಕಾರುಗಳ ಕ್ಲಬ್ಬಿನವರು ಮೊದಮೊದಲು ಮೂಗು ಮುರಿದರು. ಆಮೇಲೆ ಒಬ್ಬೊಬ್ಬರಾಗಿ ಶೆಡ್ಡಿಗೆ ಬಂದು, ಹಲಗೆಯ ಅಳತೆ ತೆಗೆದುಕೊಂಡು ಹೋದರು. ವಾರ್ಷಿಕ ಪ್ರದರ್ಶನದಲ್ಲಿ 'ಒಂದೂ ಭಾಗ ಬದಲಾಗದ ವಾಹನ' ಎಂಬ ಬಹುಮಾನ ಡಾಕ್ಟರಿಗೆ ಬಂತು. ಟರ್ಬೊಗೆ ಕೈತುಂಬ ಕೆಲಸ ಸಿಕ್ಕಿತು. ಅವನ ನಿಧಾನವನ್ನು ಜನ ಈಗ ಕುಶಲತೆ ಅನ್ನುತ್ತಾರೆ.

ಹೀಗಿರುವಾಗ ಒಂದು ಸಂಜೆ ಇನ್‌ಸ್ಪೆಕ್ಟರು ಬಿಡಿಭಾಗವನ್ನು ಓಡಿಸಿಕೊಂಡು ಬಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಒಂದು ದೀಪ ಮೇಲೇಳುತ್ತಿರಲಿಲ್ಲ. ಬಾನೆಟ್ಟು ನಜ್ಜುಗುಜ್ಜಾಗಿತ್ತು. ಸೈಲೆನ್ಸರು ನೆಲ ಕೆರೆಯುತ್ತಿತ್ತು.

"ಪರೀಕ್ಷೆ ಮುಗೀತು ಡಾಕ್ಟ್ರೇ. ಗುಣಮಟ್ಟ ಅಷ್ಟಕ್ಕಷ್ಟೇ. ತಗೊಳ್ಳಿ ನಿಮ್ಮದನ್ನ."

ಡಾಕ್ಟರು ಅದನ್ನು ನೋಡಿದರು. ಒಂದು ಕಾಲಕ್ಕೆ ಜೀವವನ್ನೇ ಅದರ ಮೇಲಿಟ್ಟಿದ್ದರು. ಈಗ ಎದೆಯಲ್ಲಿ ಏನೋ ಆಗಬೇಕಿತ್ತು, ಆಗಲಿಲ್ಲ.

"ನನಗ್ಯಾಕೆ ಸಾರ್ ಬಿಡಿಭಾಗ? ನಮ್ಮ ಗಾಡಿ ಪೂರ್ತಿ ಒರಿಜಿನಲ್. ಇಡೋಕೆ ಜಾಗವೂ ಇಲ್ಲ, ಶೆಡ್ಡಿನಲ್ಲಿ ಗಾಡಿ ನಿಲ್ಲಬೇಕು."

ನ್ಯಾಯವಾದ ಮಾತು ಎಂದು ಇನ್‌ಸ್ಪೆಕ್ಟರು ಒಪ್ಪಿದರು. ಆದರೆ ಪರೀಕ್ಷೆ ಮುಗಿದ ಮೇಲೆ ಬಿಡಿಭಾಗವನ್ನು ರಸ್ತೆಯಲ್ಲಿ ಓಡಿಸುವುದು ಅಪರಾಧ; ಆದೇಶಕ್ಕೆ ಸಹಿ ಹಾಕಿದವರು ಅವರೇ. ಮನೆ ದೂರ, ಹೊತ್ತು ಮುಳುಗುತ್ತಿತ್ತು. ಅವರು ಕೀಲಿಯನ್ನು ಬಿಡಿಭಾಗದ ಮೇಲಿಟ್ಟು, ಸವಾರಿಗೆ ಸಿದ್ಧವಾಗಿ ಬೆಲ್ಟ್ ಹಾಕಿಕೊಂಡು ಕೂತಿದ್ದ ಹೆಡ್‌ಮಿಸ್ ಹತ್ತಿರ ಹೋಗಿ, ದಾರಿಯಲ್ಲಿ ನನ್ನನ್ನೂ ಬಿಡ್ತೀರಾ ಮೇಡಂ ಎಂದು ವಿನಯದಿಂದ ಕೇಳಿದರು.

"ಅದಕ್ಕೇನಂತೆ, ಬನ್ನಿ. ಸೀಟು ಒಂದೇ ಇರೋದು, ಹಿಂದುಗಡೆ ಜಾಗ ಇದೆ."

ಇನ್‌ಸ್ಪೆಕ್ಟರು ಟೋಪಿ ತೆಗೆದು ಎಂಜಿನ್ನಿನ ಮೇಲಿಟ್ಟು, ಅಂಗಿಯ ತೋಳು ಮಡಚಿ, ಡಾಕ್ಟರ ಪಕ್ಕದಲ್ಲಿ ನಿಂತು ತಳ್ಳತೊಡಗಿದರು.

"ನಿಧಾನ," ಅಂದರು ಹೆಡ್‌ಮಿಸ್ ಸ್ಟೀರಿಂಗ್ ತಿರುಗಿಸುತ್ತಾ, "ಮುಂದೆ ಶಾಲೆ ಇದೆ."