ಸವಿತಾಳ ಓಟ, ನನ್ನ ಬೂಟು

ನಮ್ಮ ಶಾಲೆಗೆ ದೈಹಿಕ ಶಿಕ್ಷಕರಿರಲಿಲ್ಲ. ಗಣಿತ ಕಲಿಸುತ್ತಿದ್ದ ನನ್ನ ಕೊರಳಿಗೇ ಮುಖ್ಯ ಗುರುಗಳು ಸೀಟಿ ಹಾಕಿದರು. ಅಂದೇ ನನಗೆ ಖಾತ್ರಿಯಾಯಿತು: ಹುಮನಾಬಾದ್ ತಾಲೂಕಿನ ಕ್ರೀಡಾ ಭವಿಷ್ಯ ಇನ್ನು ನನ್ನ ಕೈಯಲ್ಲಿದೆ!

ಏಳನೇ ತರಗತಿಯ ಸವಿತಾ ಆಗಲೇ ನನ್ನ ಕಣ್ಣಿಗೆ ಬಿದ್ದವಳು. ಅವಳ ತಾಯಿ ಕಮಲಾಬಾಯಿ ಹಳ್ಳಿಖೇಡದ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದರು. ಮಧ್ಯಾಹ್ನ ತಾಯಿಗೆ ಬುತ್ತಿ ಮುಟ್ಟಿಸಿ, ಗಂಟೆ ಹೊಡೆಯುವಷ್ಟರಲ್ಲಿ ಬರಿಗಾಲಲ್ಲೇ ಓಡಿ ಬರುತ್ತಿದ್ದಳು ಹುಡುಗಿ. ತಾಲೂಕು ಓಟದಲ್ಲಿ ಮೊದಲು ಬಂದರೆ ಬಸವಕಲ್ಯಾಣದ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಗೆ ಹೋಗಬಹುದಿತ್ತು. ಇಲ್ಲದಿದ್ದರೆ ಅವಳ ಕೈಗೂ ಕುಡುಗೋಲೇ.

ನಾನು ವೈಜ್ಞಾನಿಕವಾಗಿ ಯೋಚಿಸಿ ಬೂಟು ತಂದೆ.

"ಬ್ಯಾಡ್ರಿ ಸರ್, ಕಾಲು ವಜ್ಜ ಆಗ್ತಾವ, ಎತ್ತಲಿಕ್ಕೇ ಭಾರ" ಎಂದಳು ಸವಿತಾ.

"ಬೆಳೆಯೋ ಕಾಲು. ಅದಕ್ಕೇ ಎರಡು ನಂಬರ್ ದೊಡ್ಡದು ತಂದೀನಿ!"

ಮನೆಯಲ್ಲಿ ನನ್ನ ಹೆಂಡತಿ ಕೇಳಿದಳು: "ಹತ್ತು ವರ್ಷ ಆತು, ನನ್ನ ಚಪ್ಪಲ್ ಅಳತಿ ನಿಮಗ ಗೊತ್ತಿಲ್ಲ. ಆ ಹುಡುಗಿದು ಹ್ಯಾಂಗ ಗೊತ್ತಾತ್ರಿ?"

ಕ್ರೀಡಾ ವಿಷಯದಲ್ಲಿ ಹೊರಗಿನವರ ಹಸ್ತಕ್ಷೇಪವನ್ನು ನಾನು ಸಹಿಸುವುದಿಲ್ಲ.

ಹುಮನಾಬಾದಿನ ಮೈದಾನ. ಮೈಕಿನಲ್ಲಿ ಘೋಷಣೆ: "ಹುಡುಗಿಯರ ಎಂಟುನೂರು ಮೀಟರ್ ಓಟಕ್ಕೆ ಶಿವಶರಣಪ್ಪ ಬರಬೇಕು!" ಶಿವಶರಣಪ್ಪ ಎಂದರೆ ನಾನೇ. ಫಾರ್ಮಿನಲ್ಲಿ ಓಟಗಾರರ ಜಾಗದಲ್ಲಿ ನನ್ನ ಹೆಸರು, ತರಬೇತುದಾರರ ಜಾಗದಲ್ಲಿ ಸವಿತಾಳ ಹೆಸರು ಬರೆದಿದ್ದೆ! ಮೈದಾನವೆಲ್ಲ ನಕ್ಕಿತು. ಕೈಮುಗಿದು ತಿದ್ದಿಸಿದೆ.

ಓಟ ಶುರುವಾಯಿತು. ಸವಿತಾ ಎಲ್ಲರಿಗಿಂತ ಮುಂದೆ. ಕೂಲಿ ಬಿಟ್ಟು ನೋಡಲು ಬಂದಿದ್ದ ಕಮಲಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಎರಡನೇ ಸುತ್ತಿನಲ್ಲಿ ಸವಿತಾಳ ಎಡಗಾಲಿನ ಬೂಟು ಹಾರಿತು. ಅವಳು ನಿಲ್ಲಲಿಲ್ಲ. ಆದರೆ ನಾನು ನಿಲ್ಲಬೇಕಿತ್ತಲ್ಲ! ಬೂಟು ಎತ್ತಿಕೊಂಡು ಟ್ರ್ಯಾಕಿಗೇ ಇಳಿದು, "ಸವಿತಾ, ಬೂಟು! ಬೂಟು!" ಎಂದು ಕೂಗುತ್ತ ಅವಳ ಹಿಂದೆ ಓಡಿದೆ.

ಅವಳು ಮೊದಲು ಬಂದಳು. ಎರಡನೆಯವನು ನಾನು.

ತೀರ್ಪುಗಾರರು ಸೀಟಿ ಊದಿದರು. ಓಟಗಾರ್ತಿಯ ಜೊತೆ ಮಾಸ್ತರು ಓಡುವಂತಿಲ್ಲವಂತೆ. ಸವಿತಾ ಅನರ್ಹ!

ನಾಚಿಕೆಯಿಂದ ನಾನು ಭೂಮಿಗಿಳಿದು ಹೋದೆ. ಸವಿತಾ ಅಳುತ್ತಿದ್ದಳು. ಕಮಲಾಬಾಯಿ ಮಗಳ ಕಾಲಿನ ಧೂಳು ಒರೆಸಿ, ನನ್ನ ಕಡೆ ತಿರುಗಿದರು. ಬೈಗುಳಕ್ಕೆ ಸಿದ್ಧನಾದೆ.

"ಇಷ್ಟು ಜೋರ್ ಓಡ್ತಾಳಂತ ನನಗ ಗೊತ್ತೇ ಇರ್ಲಿಲ್ರಿ ಸರ್. ಇನ್ನೊಂದ್ ವರ್ಷ ಸಾಲಿಗಿ ಕಳಸ್ತೀನ್ರಿ."

ಮರುವರ್ಷ ಓಟದ ಹಿಂದಿನ ದಿನ ಸವಿತಾ ಬರಿಗಾಲಲ್ಲಿ ನಮ್ಮ ಮನೆಗೆ ಬಂದಳು. ಹೊಸ್ತಿಲಲ್ಲೇ ನಿಂತು, "ಸರ್, ನಾಳಿ ನೀವು ಬರಬ್ಯಾಡ್ರಿ. ಬಿಸಲು ಭಾಳ ಅದ" ಎಂದಳು.

ಅದು ಗಡಗಡ ನಡುಗಿಸುವ ಚಳಿಗಾಲ!

ಅವಳು ಗೆದ್ದಳು. ಬಸವಕಲ್ಯಾಣಕ್ಕೆ ಆಯ್ಕೆಯಾದಳು. ಈಗ ಅಲ್ಲಿಯೇ ನಮ್ಮ ಕಡೆಯ ಕೂಲಿಕಾರರ ಮಕ್ಕಳಿಗೆ ಓಟ ಕಲಿಸುತ್ತಾಳೆ. ತರಬೇತುದಾರನಾಗಿ ನಾನು ಮಾಡಿದ ಏಕೈಕ ಸರಿಯಾದ ಕೆಲಸವೆಂದರೆ, ಆ ಓಟದ ದಿನ ಮನೆಯಲ್ಲಿ ಕಂಬಳಿ ಹೊದ್ದು ಕುಳಿತದ್ದು.