ಕೆಟಲಿನಲ್ಲಿ ಸಿಕ್ಕಿಬಿದ್ದ ಮಾವ

ಎಲ್ಲಾ ರಂಪಕ್ಕೂ ಕಾರಣ ಒಂದು ಸ್ಟೀಲ್ ಕೆಟಲ್. ಅದನ್ನು ಅಷ್ಟು ಚೆನ್ನಾಗಿ ಉಜ್ಜಬಾರದಿತ್ತು, ಅಷ್ಟೇ.

ಉಜ್ಜಿದವನು ಹಲ್ಲಣ್ಣ. ಹೆಸರಿಟ್ಟಿದ್ದು ಅವನ ಡಾಕ್ಟರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ರೂಮಿನಲ್ಲಿ ಕೂತು ಕಟ್ಟುಹಲ್ಲು ಮಾಡುವುದು ಅವನ ಕೆಲಸ. ಯಾರದೋ ಬಾಯಿಯ ಅಚ್ಚು ಬರುತ್ತದೆ, ಅದಕ್ಕೆ ತಕ್ಕಂತೆ ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು, ಡಬ್ಬಿಗೆ ಹಾಕಿ ಮುಂದಿನ ರೂಮಿಗೆ ಕಳಿಸುತ್ತಾನೆ. ಅಲ್ಲಿ ಡಾಕ್ಟರು ತೊಡಿಸುತ್ತಾರೆ. ರೋಗಿ ಕನ್ನಡಿ ನೋಡಿಕೊಂಡು ನಗುತ್ತಾನೆ, ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ ಹೋಗುತ್ತಾನೆ. ಊರಿನ ಎಷ್ಟೋ ನಗು ಹಲ್ಲಣ್ಣನ ಕೈಯಿಂದಲೇ ಹೋದದ್ದು. ಅವನನ್ನು ನೋಡಿ ನಕ್ಕದ್ದು ಮಾತ್ರ ಒಂದೂ ಇಲ್ಲ.

ಅಚ್ಚಿನ ಪ್ಲಾಸ್ಟರ್ ಧೂಳಿಗೆ ಹೆದರಿ ಮಾಸ್ಕ್ ಹಾಕಿಕೊಳ್ಳುವುದು ರೂಢಿಯಾಗಿ, ಬೀದಿಯಲ್ಲೂ ಲಿಫ್ಟಿನಲ್ಲೂ ಅದನ್ನು ತೆಗೆಯುತ್ತಿರಲಿಲ್ಲ. ಅವನಿದ್ದದ್ದು ದೊಡ್ಡ ಬಿಲ್ಡಿಂಗೊಂದರ ಮೇಲಿನ ಮಹಡಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಒಂಟಿ ರೂಮಿನಲ್ಲಿ. ಎಷ್ಟು ವರ್ಷದಿಂದ ಇದ್ದಾನೆಂದು ಕೇಳಿದವರಿಲ್ಲ, ಹಾಗಾಗಿ ಅವನೂ ಲೆಕ್ಕ ಇಟ್ಟಿರಲಿಲ್ಲ. ಲಿಫ್ಟಿನಲ್ಲಿ ಜನ ಅವನ ಹೆಗಲ ಮೇಲಿಂದಲೇ ಕೈ ಚಾಚಿ ಬಟನ್ ಒತ್ತುತ್ತಿದ್ದರು. ಪಾರ್ಸೆಲ್ ತಂದವನೆಂದುಕೊಂಡು "ಎಲ್ಲಿ, ಕೊಡಿ" ಅಂದವರೂ ಉಂಟು.

ಆದರೆ ಬಿಲ್ಡಿಂಗಿನವರ ಇಂಟರ್‌ನೆಟ್ ಗುಂಪಿನಲ್ಲಿ ಅವನ ಕತೆಯೇ ಬೇರೆ. ಅಲ್ಲಿ ಯಾವ ಹೆಸರಿಟ್ಟುಕೊಂಡರೂ ಕೇಳುವವರಿಲ್ಲ. ಒಂದು ಭಾನುವಾರ ಬೇಜಾರಿಗೆ 'ಪಕ್ಕದ್ಮನೆ ಮಾವ' ಎಂದು ಹೆಸರಿಟ್ಟುಕೊಂಡು, ಯಾರದೋ ಸಿಂಕ್ ಕಟ್ಟಿಕೊಂಡದ್ದಕ್ಕೆ ಉಪಾಯ ಬರೆದ. "ಥ್ಯಾಂಕ್ಸ್ ಮಾವ, ಅತ್ತೆಗೂ ಕೇಳಿದೆ ಅಂತ ಹೇಳಿ" ಅಂತ ಉತ್ತರ ಬಂತು. ಅತ್ತೆ ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. "ಹೇಳ್ತೀನಿ, ಈಗ ಬೈತಾ ಇದ್ದಾಳೆ, ಮುಗೀಲಿ" ಎಂದು ಬರೆದುಬಿಟ್ಟ. ಬಿಲ್ಡಿಂಗಿಗೆ ಬಿಲ್ಡಿಂಗೇ ನಕ್ಕಿತು. ಆ ನಗುವಿನ ರುಚಿ ಹತ್ತಿತು ನೋಡಿ! ಆಮೇಲೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು, ದೊಡ್ಡವಳಿಗೆ ಮದುವೆಯಾಯಿತು, ಒಂದು ಮೊಮ್ಮಗುವೂ ಬಂದು ಅಂಬೆಗಾಲಿಡತೊಡಗಿತು. ಸಂಸಾರ ಬೆಳೆದಷ್ಟೂ ಪ್ರೀತಿ ಬೆಳೆಯಿತು. ಬೆಳಗಾದರೆ ಎಲ್ಲರಿಗೂ ಮಾವನ ಗುಡ್ ಮಾರ್ನಿಂಗ್ ಬೇಕು.

ಈ ರಂಪದ ಹಿಂದಿನ ದಿನ ಎರಡನೇ ಮಹಡಿಯ ಹೊಲಿಗೆಯಕ್ಕ, "ಮಾವ, ಸ್ಟೀಲ್ ಪಾತ್ರೆ ಮಂಕಾಗಿದೆ, ಏನ್ ಮಾಡ್ಲಿ?" ಎಂದು ಕೇಳಿದ್ದಳು. ಹಲ್ಲಣ್ಣ ಕಟ್ಟುಹಲ್ಲಿಗೆ ಹೊಳಪು ಕೊಡುವ ಪುಡಿಯಲ್ಲಿ ತನ್ನ ಕೆಟಲನ್ನು ತಿಕ್ಕಿ ತಿಕ್ಕಿ, ಬೆಳಗ್ಗೆ ಫೋಟೋ ತೆಗೆದು, "ಹೀಗೆ ಹೊಳೀಬೇಕು ಮಗಳೇ" ಎಂದು ಹಾಕಿ, ಸ್ನಾನಕ್ಕೆ ಹೋದ. ಬರುವಷ್ಟರಲ್ಲಿ ಫೋನು ಮೈಮೇಲೆ ಬಂದಂತೆ ಕುಣಿಯುತ್ತಿತ್ತು.

"ಮಾವ ಸಿಕ್ಕಿಬಿದ್ರು! ಕೆಟಲ್ ಒಳಗೆ ನೋಡಿ!"

ನೋಡಿದ. ಕೆಟಲಿನ ಹೊಟ್ಟೆಯಲ್ಲಿ ಬನಿಯನ್ ಹಾಕಿದ ಅವನೇ, ಬದನೆಕಾಯಿಯಂಥ ಮೂಗು ಹೊತ್ತು ನಿಂತಿದ್ದ. ಮುಖ ಹಾಳಾಗಿ ಹೋಗಲಿ, ಹಿಂದೆ ಇಡೀ ರೂಮೇ ಬಿದ್ದಿತ್ತು. ಒಂದು ಮಂಚ, ಒಂದು ಕುರ್ಚಿ, ಮಗುಚಿಟ್ಟ ಒಂದು ತಟ್ಟೆ. ಅತ್ತೆಯೂ ಇಲ್ಲ, ಮಕ್ಕಳೂ ಇಲ್ಲ. ಇದು ಗೊತ್ತಾದರೆ ಈ ಜನ ಮುಖಕ್ಕೆ ಉಗಿಯುತ್ತಾರೆ, ಇನ್ನು 'ಮಾವ' ಅಂತ ಕರೆಯುವ ಒಂದು ಜೀವವೂ ಉಳಿಯುವುದಿಲ್ಲ ಎಂದು ಅವನು ಹೆದರಿದ.

ಫೋಟೋ ಅಳಿಸಿದ. ತಕ್ಷಣ ಹೊಲಿಗೆಯಕ್ಕ ಬರೆದಳು: "ಯಾಕ್ ಮಾವ ಅಳಿಸಿದ್ರಿ? ಪರವಾಗಿಲ್ಲ, ನಾನು ಉಳಿಸ್ಕೊಂಡಿದೀನಿ. ಇವತ್ತು ನಿಮ್ಮನ್ನ ಕಂಡುಹಿಡಿದೇ ಹಿಡೀತೀನಿ."

ಹಲ್ಲಣ್ಣ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡು ಲಿಫ್ಟಿಗೆ ಹೋದ. ಎರಡನೇ ಮಹಡಿಯಲ್ಲಿ ಬಾಗಿಲು ತೆರೆದರೆ, ಕುತ್ತಿಗೆಗೆ ಟೇಪು ಹಾಕಿಕೊಂಡ ಹೊಲಿಗೆಯಕ್ಕ! ಜೊತೆಗೆ ಬಿಲ್ಡಿಂಗಿನ ಸೆಕ್ರೆಟರಿ. ಸೊಂಟದಲ್ಲಿ ಸದಾ ಬೀಗದಕೈ ಗೊಂಚಲು ಜಣಗುಟ್ಟಿಸುವ ಅವರಿಗೆ ಬೀಗದ ಸಾಹೇಬರೆಂದೇ ಹೆಸರು.

"ನೋಡಿ ಸಾರ್, ಈ ಮೂಗು ಯಾರದು?"

"ಮೂಗಾ? ನಾನು ತರಕಾರಿ ಅಂದ್ಕೊಂಡೆ."

ಅಕ್ಕ ಹಲ್ಲಣ್ಣನ ಕಡೆ ತಿರುಗಿದಳು. "ನೀವು ಮನೆಮನೆಗೆ ಪಾರ್ಸೆಲ್ ಕೊಡ್ತೀರಲ್ಲ, ನೋಡಿರ್ತೀರಿ. ಇಂಥ ಮುಖ ಯಾವ ಮನೇಲಿದೆ?"

"ಗೊತ್ತಿಲ್ಲಮ್ಮಾ."

"ಸರಿಯಾಗಿ ನೋಡಿ ಹೇಳ್ರೀ."

ಅವನು ಸರಿಯಾಗಿ ನೋಡಿದ. "ಇಲ್ಲಮ್ಮಾ, ಎಲ್ಲೂ ಕಂಡಿಲ್ಲ" ಅಂದ.

ಅಬ್ಬ ಎಂದು ಕ್ಲಿನಿಕ್ಕು ಸೇರಿದರೆ, ಫೋಟೋ ಅವನಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು. ಮಧ್ಯಾಹ್ನ ಮಾಸ್ಕ್ ತೆಗೆದು ಬ್ರೆಡ್ ಕಚ್ಚುತ್ತಿದ್ದಾಗ ರಿಸೆಪ್ಷನಿನ ಹುಡುಗಿ ನಗುತ್ತಾ ಒಳಗೆ ಬಂದಳು.

"ಹಲ್ಲಣ್ಣ, ಇದ್ ನೋಡಿದ್ರಾ? ಎಲ್ಲರ ಫೋನಿಗೂ ಬಂದಿದೆ. ಯಾರೋ ಪಾಪ ಕೆಟಲಲ್ಲಿ ಸಿಕ್ಕಿಬಿದ್ದಿದಾನೆ. ಈಗ ಯಾರೋ ಮೂಗು ನೆಟ್ಟಗೆ ಮಾಡಿ ಕಳಿಸಿದಾರೆ."

ನೆಟ್ಟಗಾದ ಮೇಲೆ ಅದು ಪಾಸ್‌ಪೋರ್ಟಿಗೆ ಅಂಟಿಸಬಹುದಾದ ಫೋಟೋ. ಎಡಗೆನ್ನೆಯ ಮಚ್ಚೆ ಸಮೇತ ಸಾಕ್ಷಾತ್ ಹಲ್ಲಣ್ಣ. ಅವಳು ಫೋನು ನೋಡಿದಳು, ತಲೆಯೆತ್ತಿ ಅವನನ್ನು ನೋಡಿದಳು, ಹುಬ್ಬು ಗಂಟಿಕ್ಕಿದಳು. ಅವನು ಕಚ್ಚಿದ ಬ್ರೆಡ್ಡನ್ನು ಕೆಳಗಿಟ್ಟ.

"ಹಲ್ಲಣ್ಣ..."

"ಹಾಂ?"

"ಸ್ವಲ್ಪ ಸರೀರಿ. ನಿಮ್ಮ ನೆರಳು ಬಿದ್ದು ಏನೂ ಕಾಣ್ತಿಲ್ಲ."

ಸರಿದ. ಅವಳು ನೋಡಿ, ನಕ್ಕು, ಹೋದಳು. ಬಚಾವಾದೆನೆಂದು ಕುಣಿಯಬೇಕಿತ್ತು. ಬದಲಿಗೆ ಅವಳು ಹೋದ ಬಾಗಿಲನ್ನೇ ನೋಡುತ್ತ ಕೂತ. ದಿನಾ ಅದೇ ಬಾಗಿಲಲ್ಲಿ ನಿಂತು ಅಚ್ಚು ಕೊಟ್ಟು ಹೋಗುವವಳು ಅವಳು. ಆ ಮಧ್ಯಾಹ್ನ ಯಾರೋ ಅಜ್ಜಿಯ ಸೆಟ್ಟಿಗೆ ಹಲ್ಲುಗಳನ್ನು ಸೊಟ್ಟಗೆ ಜೋಡಿಸಿ, ಕಿತ್ತು, ಮತ್ತೆ ಜೋಡಿಸಿದ.

ಸಂಜೆ ಬಿಲ್ಡಿಂಗಿಗೆ ಬಂದರೆ ಅಂಗಳದ ತುಂಬ ಜನ. ಲಿಫ್ಟಿನ ಪಕ್ಕದ ಗೋಡೆಗೆ ಅವನ ಮುಖ ಬಾಗಿಲಿನಷ್ಟು ದೊಡ್ಡದಾಗಿ ಅಂಟಿಕೊಂಡಿತ್ತು. ಅದರ ಮುಂದೆ ಒಂದನೇ ಮಹಡಿಯ ರಿಟೈರ್ಡ್ ಮೇಷ್ಟ್ರು ಕೋಲು ಹಿಡಿದು ಪಾಠ ಮಾಡುತ್ತಿದ್ದರು. ಹಲ್ಲಣ್ಣ ಹಿಂದೆ ನಿಂತ.

"ಈ ಮುಖ ನಮ್ಮ ಬಿಲ್ಡಿಂಗಲ್ಲಿ ಯಾರಾದ್ರೂ ನೋಡಿದೀರಾ?"

"ಇಲ್ಲ" ಎಂದಿತು ಜನ, ಒಕ್ಕೊರಲಿನಿಂದ.

"ಮಾವನ ಮನೇಲಿ ಯಾರ್ ಯಾರಿದಾರೆ? ಮಾವ, ಅತ್ತೆ, ಇಬ್ಬರು ಮಕ್ಕಳು, ಮೊಮ್ಮಗು. ಇಲ್ಲಿ ನೋಡಿ, ಕುರ್ಚಿ ಒಂದು, ತಟ್ಟೆ ಒಂದು! ಇದೇನು ಸಂಸಾರಸ್ಥರ ಮನೆಯಾ? ಅಲ್ಲ. ಅಂದ್ರೆ ಏನಾಯ್ತು?"

"ಏನಾಯ್ತು ಮೇಷ್ಟ್ರೇ?"

"ಕಳ್ಳ ಹೊಕ್ಕು ಗುಡಿಸಿ ಗುಂಡಾಂತರ ಮಾಡಿದಾನೆ! ಎಲ್ಲಾ ಸಾಗಿಸಿ ಆಯ್ತು, ಕೊನೆಗೆ ಕೆಟಲ್ ಉಳೀತು. ಮಾರೋಕೆ ಅಂತ ಅದರದೊಂದು ಫೋಟೋ ಹೊಡೆದ, ಮಾವನ ಫೋನಲ್ಲೇ! ಅದು ಗುಂಪಿಗೆ ಬಂದುಬಿಡ್ತು, ಅನುಮಾನ ಬರಬಾರದೂಂತ 'ಮಗಳೇ' ಅಂತಾನೂ ಬರೆದ, ಆಮೇಲೆ ಅಳಿಸಿದ! ಅದಾದ ಮೇಲೆ ಮಾವ ಒಂದಕ್ಷರ ಬರೆದಿದಾರಾ?"

ಜನ ದಂಗಾದರು. ಹೊಲಿಗೆಯಕ್ಕ ಅಳತೊಡಗಿದಳು. "ನನಗೆ ಜ್ವರ ಬಂದಾಗ ಗಳಿಗೆಗೊಂದು ಸಲ ಹೇಗಿದೀಯಾ ಮಗಳೇ ಅಂತ ಕೇಳ್ತಿದ್ರು. ನಮ್ಮಪ್ಪನೂ ಹಾಗೆ ಕೇಳಿಲ್ಲ ರೀ. ಅವರಿಗೇನಾದ್ರೂ ಆಗಿದ್ರೆ..."

ಆ ಜ್ವರದ ದಿನ ಹಲ್ಲಣ್ಣ ಬಿಸಿನೀರಿನ ಫ್ಲಾಸ್ಕ್ ಹಿಡಿದು ಅವಳ ಬಾಗಿಲವರೆಗೆ ಇಳಿದು ಬಂದು, ಯಾರು ನೀವು ಅಂದರೆ ಏನು ಹೇಳಲಿ ಎಂದು ತಿರುಗಿ ಹೋಗಿದ್ದ. ಈಗ ತಡೆಯಲಾಗಲಿಲ್ಲ. ತನಗಾಗಿ ಒಬ್ಬರು ಅಳುತ್ತಿದ್ದಾರೆ! ಮರ್ಯಾದೆ ಹೋದರೆ ಹೋಗಲಿ ಎಂದು ಜನರನ್ನು ಸರಿಸಿಕೊಂಡು ಮುಂದೆ ಬಂದು, ಮಾಸ್ಕ್ ಕಿತ್ತು ನಿಂತ.

"ಅಳಬೇಡಮ್ಮಾ. ನಾನೇ ಮಾವ. ನನಗೇನೂ ಆಗಿಲ್ಲ."

ಅಕ್ಕ ಗೋಡೆ ನೋಡಿದಳು, ಅವನನ್ನು ನೋಡಿದಳು. ಕಣ್ಣರಳಿತು. "ಅವರೇ!" ಅಂದಳು. ಹಲ್ಲಣ್ಣನ ಮುಖದಲ್ಲಿ ನಗು ಮೂಡಿತು. "ಅಯ್ಯೋ, ಇವನೇ! ಫೋಟೋದಲ್ಲಿರೋ ಕಳ್ಳ ಇವನೇ!"

ಹಿಡಿದುಕೊಳ್ಳಲು ಹತ್ತು ಕೈ ಬಂದವು.

"ನಾನು ಮಾವ ಕಣ್ರೀ!"

"ಮಾವ ಆದ್ರೆ ಅತ್ತೇನ ಕರಿ ನೋಡೋಣ" ಅಂದರು ಮೇಷ್ಟ್ರು.

"ಅತ್ತೆ... ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲವೇ ಇಲ್ಲ."

"ಅಯ್ಯಯ್ಯೋ, ಮುಗಿಸೇಬಿಟ್ನಾ! ಮಕ್ಕಳೆಲ್ಲಿ?"

"ಅವರೂ ಇಲ್ಲ."

"ಮೊಮ್ಮಗು?" ಎಂದು ಹೊಲಿಗೆಯಕ್ಕ ನಡುಗುವ ದನಿಯಲ್ಲಿ ಕೇಳಿದಳು. ಹಲ್ಲಣ್ಣ ತಲೆ ತಗ್ಗಿಸಿದ. ಅವಳು ಕಿಟ್ಟನೆ ಕಿರುಚಿದಳು.

"ನಾನು ಈ ಬಿಲ್ಡಿಂಗಿನವನೇ ಸಾರ್, ಮೇಲೆ ಟ್ಯಾಂಕಿನ ಪಕ್ಕದ ರೂಮು!"

"ಸುಳ್ಳು" ಅಂದರು ಬೀಗದ ಸಾಹೇಬರು. "ಅದು ಖಾಲಿ ಬಿದ್ದಿದೆ. ಅಲ್ಲಿ ಯಾವತ್ತಾದ್ರೂ ಯಾರಾದ್ರೂ ಮಾತಾಡಿದ್ದು ಕೇಳಿದೀರಾ?" ಯಾರೂ ಕೇಳಿರಲಿಲ್ಲ. ಅವನು ಜೇಬಿನಿಂದ ಕೀ ತೆಗೆದು ತೋರಿಸಿದ. "ನೋಡಿ, ಕೀನೂ ಕದ್ದಿದಾನೆ!"

ಪೊಲೀಸರು ಬರುವವರೆಗೆ ಅವನನ್ನು ಕರೆಂಟ್ ಮೀಟರಿನ ರೂಮಿಗೆ ತಳ್ಳಿ ಬೀಗ ಹಾಕಿದರು. ಒಳಗೆ ಮೀಟರುಗಳು ಗುಂಯ್‌ಗುಡುತ್ತಿದ್ದವು. ಹೊರಗೆ ಹೊಲಿಗೆಯಕ್ಕ ಬಿಕ್ಕುತ್ತಿದ್ದಳು. ಹಲ್ಲಣ್ಣ ಗೋಡೆಗೊರಗಿ ಕೂತು ತುಂಬ ಯೋಚಿಸಿದ. ಕೊನೆಗೆ ನಿಟ್ಟುಸಿರು ಬಿಟ್ಟು, ಫೋನ್ ತೆಗೆದು ಬರೆದ:

"ಮಕ್ಕಳೇ, ನಾವೆಲ್ಲ ಕ್ಷೇಮ. ಸಂಸಾರ ಸಮೇತ ಬೇರೆ ಊರಿಗೆ ಬಂದಿದೀವಿ, ಸಿಗ್ನಲ್ ಇರಲಿಲ್ಲ. ಮನೆಗೆ ಬಣ್ಣ ಹೊಡೆಸೋಕೆ ಸಾಮಾನು ತೆಗೆಸಿದ್ದೆ. ಆ ಮನುಷ್ಯನ್ನ ಕಾವಲಿಗೆ ಬಿಟ್ಟವನು ನಾನೇ, ಹೊರಡೋ ಮುಂಚೆ ಕೆಟಲಿನ ಫೋಟೋ ಅವನ ಕೈಲೇ ತೆಗೆಸಿದ್ದೆ. ಕಳ್ಳ ಅಲ್ಲ, ಬಿಟ್ಟುಬಿಡಿ." ಕಳಿಸುವ ಮೊದಲು ಇನ್ನೊಂದು ಸಾಲು ಸೇರಿಸಿದ: "ತಲೆ ಸ್ವಲ್ಪ ಸಡಿಲ. ತಾನೇ ಮಾವ ಅಂತಾನೆ, ನಂಬಬೇಡಿ."

ಹೊರಗೆ ಎಲ್ಲರ ಫೋನೂ ಒಟ್ಟಿಗೇ ಟಿಂಗೆಂದವು. ಆಮೇಲೆ ಎದ್ದ ಕೇಕೆ, ಚಪ್ಪಾಳೆ! "ಮಾವ ಇದಾರೆ! ಅತ್ತೆ ಕ್ಷೇಮ!" ಹೊಲಿಗೆಯಕ್ಕ ಅಳುತ್ತಲೇ ನಗುತ್ತಿದ್ದಳು. ಬೀಗದ ಸಾಹೇಬರು ಒಂದು ಕೈಯಲ್ಲಿ ಮಾವನಿಗೆ ಉತ್ತರ ಒತ್ತುತ್ತಾ ಇನ್ನೊಂದು ಕೈಯಲ್ಲಿ ಬೀಗ ತೆಗೆದರು.

"ಹೋಗಯ್ಯಾ. ಮಾವ ಒಳ್ಳೆಯವರು, ನೀನು ಬದುಕಿಕೊಂಡೆ."

ಅಂಗಳ ದಾಟುವಾಗ ಯಾರೂ ತಲೆ ಎತ್ತಲಿಲ್ಲ. ಎಲ್ಲರೂ ಮಾವನಿಗೆ ಬರೆಯುವುದರಲ್ಲಿ ಮುಳುಗಿದ್ದರು. ಹಲ್ಲಣ್ಣ ಮೆಟ್ಟಿಲು ಹತ್ತಿ ಬಂದು, ಒಲೆಯ ಮೇಲೆ ಕೆಟಲ್ ಇಟ್ಟು, ಇದ್ದೊಂದು ಕುರ್ಚಿಯಲ್ಲಿ ಕೂತು ಫೋನ್ ನೋಡಿದ. ಮಾವನಿಗೆ ಉತ್ತರಗಳು ಒಂದರ ಮೇಲೊಂದು ಬರುತ್ತಲೇ ಇದ್ದವು. ಹೊಲಿಗೆಯಕ್ಕನದು ಎಲ್ಲಕ್ಕಿಂತ ಉದ್ದ.

"ಮಾವ, ಜೀವ ಬಂದ ಹಾಗಾಯ್ತು. ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವು ಯಾರನ್ನ ಬೇಕಾದ್ರೂ ನಂಬಿಬಿಡ್ತೀರಿ. ಆ ಮನುಷ್ಯನ್ನ ಇನ್ಮೇಲೆ ಮನೆಗೆ ಸೇರಿಸ್ಬೇಡಿ. ನಗೋದು ನೋಡಿದ್ರೇನೇ ಭಯ ಆಗುತ್ತೆ. ಅತ್ತೆಗೂ ಹೇಳಿ, ಮಗು ಇರೋ ಮನೆ."

ಅದರ ಕೆಳಗೆ ಇಡೀ ಬಿಲ್ಡಿಂಗು ಹೌದು ಹೌದು ಅಂದಿತ್ತು. ಮಾವನ ಉತ್ತರಕ್ಕೆ ಎಲ್ಲರೂ ಕಾಯುತ್ತಿದ್ದರು. ಕೆಟಲಿನಲ್ಲಿ ಉದ್ದ ಮೂಗಿನ ಮನುಷ್ಯನೊಬ್ಬ ಇವನನ್ನೇ ನೋಡುತ್ತಿದ್ದ. ಹಲ್ಲಣ್ಣ ಅವನ ಕಡೆಯಿಂದ ಕಣ್ಣು ತೆಗೆದು ಬರೆದ:

"ಆಯ್ತಮ್ಮಾ, ಸೇರಿಸಲ್ಲ. ಅತ್ತೆಗೂ ಹೇಳ್ತೀನಿ."